ಬಾಯಲ್ಲಿ ಕನ್ನಡ, ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’!

(ಹೊಸಹೊಳಲಿನಲ್ಲಿ ಊರಿನ ಹುಡುಗರ ಮುಂದೆ ಆಡಿದ ಮಾತಿನ ಬರಹ ರೂಪ)



ಇಲ್ಲಿ ಕೂತಿರುವವರಲ್ಲಿ ಅರ್ಧಕ್ಕರ್ಧ ಜನ ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬಂದವರು. ಪೀಣ್ಯದವರಿದ್ದೀರಿ, ಬಿಡದಿಯವರಿದ್ದೀರಿ, ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರೂ ಇದ್ದೀರಿ. ಗುಡಿಯ ಮುಂದೆ ಸಾಲಾಗಿ ನಿಂತ ನಿಮ್ಮ ಕಾರುಗಳನ್ನು ನೋಡಿಕೊಂಡೇ ಬಂದೆ. ಅದಕ್ಕೇ ಇವತ್ತು ಕಾರಿನ ಮಾತು. ನಾನು ವಕೀಲನಲ್ಲ, ಮೆಕ್ಯಾನಿಕ್ಕೂ ಅಲ್ಲ. ಒಂದು ಕೆಟ್ಟ ಕಾರಿನ ಹಿಂದೆ ಅಲೆದು ಚಪ್ಪಲಿ ಸವೆಸಿದವನು, ಅಷ್ಟೇ.

ಕಾರು ನನ್ನದಲ್ಲ, ನಮ್ಮ ಭಾವನದು. ಕಬ್ಬು ಬೆಳೆಯುವ ಮನುಷ್ಯ. 2022ರ ಆಯುಧಪೂಜೆಗೆ ಹೊಸ ಕಾರು ತಂದರು. ಎಲ್ಲ ಸೇರಿ ಒಂಬತ್ತೂ ಮುಕ್ಕಾಲು ಲಕ್ಷ. ನಾಲ್ಕು ಲಕ್ಷ ಕೈಯಿಂದ, ಉಳಿದದ್ದು ಬ್ಯಾಂಕ್ ಸಾಲ. ಡೀಲರ್ ಹೆಸರು, ಕಂಪನಿ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಹೆದರಿಕೆಯಿಂದಲ್ಲ. ಅದು ರಾಜಿಯಾಗಿ ಮುಗಿದ ವ್ಯಾಜ್ಯ. ಅಲ್ಲದೆ ಹೆಸರು ಹೇಳಿದರೆ ನೀವು ‘ಓ ಆ ಕಂಪನಿಯಾ, ನಮ್ಮದು ಬೇರೆ ಬಿಡಿ’ ಎಂದು ಎದ್ದು ಹೋಗುತ್ತೀರಿ. ಯಾರೂ ಏಳುವ ಹಾಗಿಲ್ಲ. ಜಾಬ್ ಕಾರ್ಡ್ ಎಲ್ಲ ಕಡೆಯೂ ಒಂದೇ.

ಕಾರು ಬಂದು ಎರಡು ತಿಂಗಳಿಗೆ ರೋಗ ಶುರುವಾಯಿತು. ಮನೆಮಂದಿಯೆಲ್ಲ ಕೂತು ಏರು ಹತ್ತಿಸುವಾಗ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುತ್ತಿತ್ತು. ಕೂಡಲೇ ಗಾಡಿಯ ಕಸುವು ಹೋಗಿ, ಆಕ್ಸಿಲರೇಟರ್ ಎಷ್ಟು ತುಳಿದರೂ 40ರ ಮೇಲೆ ಓಡುತ್ತಿರಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತಿತ್ತು. ‘ಗಾಡಿ ಉಸುರು ಬುಟ್ಬುಡ್ತದೆ ಕಣಪ್ಪ’ ಎಂದರು ಭಾವ ನನಗೆ. ಅದಕ್ಕಿಂತ ಸರಿಯಾಗಿ ಯಾವ ಎಂಜಿನಿಯರ್ ಹೇಳುತ್ತಾನೆ?

ಶೋರೂಮಿಗೆ ಹೋದರು. ಒಂದು ಸಲವಲ್ಲ, ನಾಲ್ಕು ಸಲ. ಇಲ್ಲಿ ಕಿವಿಗೊಟ್ಟು ಕೇಳಿ. ಕೌಂಟರಿನಲ್ಲಿ ಕೂತಿದ್ದ ಹುಡುಗ ಹೊರಗಿನವನಲ್ಲ, ನಮ್ಮ ಕಡೆಯವನೇ, ಮಂಡ್ಯದ ಮಾತೇ. ‘ಬನ್ನಿ ಗೌಡ್ರೇ, ಕಾಫಿ ಕುಡೀರಿ, ನಾವು ನೋಡ್ಕತೀವಿ’ ಎಂದು ಉಪಚಾರ ಮಾಡಿದ. ಭಾವ ಉಸಿರಿನ ಕಥೆ ಹೇಳಿದರು. ಅವನು ತಲೆದೂಗುತ್ತ ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಕಾಗದ ಬಂತು, ಪೂರಾ ಇಂಗ್ಲಿಷ್. ಮೊದಲ ಸಲ ಬರೆದದ್ದು ‘ಜನರಲ್ ಚೆಕಪ್’. ಎರಡನೇ ಸಲ ‘ಫ್ರೀ ಸರ್ವಿಸ್’. ಮೂರನೇ ಸಲ ‘ವಾಷಿಂಗ್ ಅಂಡ್ ಚೆಕಪ್’. ನಾಲ್ಕನೇ ಸಲ ಮತ್ತೆ ‘ಜನರಲ್ ಚೆಕಪ್’. ಉಸಿರು ಎಲ್ಲಿ? ದೀಪ ಎಲ್ಲಿ? 40ರ ಮೇಲೆ ಓಡದ್ದು ಎಲ್ಲಿ? ಅವನೇನು ಮೋಸಗಾರ ಎಂದು ನಾನು ಹೇಳುವುದಿಲ್ಲ. ಅವನ ಕಂಪ್ಯೂಟರಿನಲ್ಲಿ ಸಿದ್ಧ ಪಟ್ಟಿಯೊಂದಿತ್ತು, ಅದರಲ್ಲಿ ಹತ್ತಿರದ್ದು ಯಾವುದೋ ಅದನ್ನು ಒತ್ತಿದ. ಭಾವ ಕನ್ನಡದಲ್ಲಿ ಹೇಳಿದ ದೂರು ಕೌಂಟರ್ ದಾಟುವ ಹೊತ್ತಿಗೆ ಸತ್ತುಹೋಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಗಾಡಿ ವಾಪಸ್ ಕೊಡುವಾಗ ಇನ್ನೊಂದು ಸಹಿ ಹಾಕಿಸಿಕೊಂಡರು. ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ‘ಮಾಡಿದ ಕೆಲಸ ನನಗೆ ತೃಪ್ತಿ ತಂದಿದೆ’ ಎಂದಿತ್ತು. ಅದರ ಕೆಳಗೆ ನಮ್ಮ ಭಾವ ದುಂಡಗೆ, ಅಂದವಾಗಿ, ಕನ್ನಡದಲ್ಲಿ ಸಹಿ ಹಾಕಿದ್ದಾರೆ. ನಾಲ್ಕು ಸಲವೂ!

ನೀವು ನಗುತ್ತೀರಿ. ‘ನಮ್ಮಂಥ ಓದಿದವರಿಗೆ ಹೀಗಾಗುತ್ತದೆಯೇ’ ಎನ್ನುತ್ತೀರಿ. ಜೇಬಿನಲ್ಲಿರುವ ನಿಮ್ಮ ಕೊನೇ ಸರ್ವಿಸಿನ ಕಾಗದ ತೆಗೆದು ನೋಡಿ. ನೀವು ಹೇಳಿದ್ದು ಅದರಲ್ಲಿ ನೀವು ಹೇಳಿದಂತೆಯೇ ಇದೆಯೇ? ಓದಲು ಬಂದವರೂ ಓದದೆ ಸಹಿ ಹಾಕುತ್ತೇವೆ. ಭಾವನಿಗಾದರೂ ಇಂಗ್ಲಿಷ್ ಬರದು ಎಂಬ ನೆಪವಿತ್ತು.

2023ರ ಆಗಸ್ಟಿನಲ್ಲಿ ಒಂದು ರಾತ್ರಿ ಅಕ್ಕನ ಮಗಳಿಗೆ ಹೆರಿಗೆ ನೋವು ಬಂತು. ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಒಂದು ಗಂಟೆ ರಾತ್ರಿ. ಗಾಡಿಯಲ್ಲಿ ಐದು ಜನ. ಪಾಂಡವಪುರದ ಹತ್ತಿರ ಹಳದಿ ದೀಪ ಹತ್ತಿಕೊಂಡಿತು. ಹಿಂದೆ ಲಾರಿಗಳು ಹಾರನ್ ಬಾರಿಸುತ್ತಿವೆ, ಒಳಗೆ ಮಗಳು ಕೂಗುತ್ತಿದ್ದಾಳೆ, ಮುಂದೆ ಭಾವ ಮೂವತ್ತು ನಲವತ್ತರಲ್ಲಿ ತೆವಳುತ್ತಿದ್ದಾರೆ. ಎರಡು ಸಲ ನಿಲ್ಲಿಸಿ ಆಫ್ ಮಾಡಿ ಮತ್ತೆ ಹೊರಟರಂತೆ. ದೇವರು ದೊಡ್ಡವನು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಾರನೇ ದಿನ ಆಸ್ಪತ್ರೆಯ ಬಾಗಿಲಲ್ಲಿ ಭಾವ ನನ್ನ ಕೈ ಹಿಡಿದು, ‘ಈ ಗಾಡಿ ನನ್ಗೆ ಬ್ಯಾಡ ಕಣಪ್ಪ, ಎಲ್ಲಾರ ಕೊಟ್ಬುಡು’ ಎಂದರು. ಆ ಕಾರಿನ ಸಾಲ ಇನ್ನೂ ನಾಲ್ಕು ವರ್ಷ ಕಟ್ಟಬೇಕಿತ್ತು.

ವಕೀಲರ ಕೈಲಿ ನೋಟಿಸು ಕೊಡಿಸಿದೆವು. ಡೀಲರಿಂದ ಉತ್ತರ ಬಂತು, ಓದಿ ನನಗೆ ಬೆವರು. ‘ನಾಲ್ಕು ಜಾಬ್ ಕಾರ್ಡುಗಳಲ್ಲಿ ಎಲ್ಲಿಯೂ ಇಂಥ ದೂರು ದಾಖಲಾಗಿಲ್ಲ. ನಾಲ್ಕು ಸಲವೂ ಗ್ರಾಹಕರು ತೃಪ್ತಿ ಎಂದು ಸಹಿ ಮಾಡಿದ್ದಾರೆ.’ ಅದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ! ನಮ್ಮ ಹತ್ತು ತಿಂಗಳ ಗೋಳಿಗೆ ಒಂದೇ ಒಂದು ಸಾಲಿನ ಸಾಕ್ಷಿ ಇರಲಿಲ್ಲ.

ನಮ್ಮೂರ ಲಕ್ಷ್ಮೀನಾರಾಯಣ ಗುಡಿಯ ವಿಷಯ ನಿಮಗೆ ಗೊತ್ತಿರಬೇಕು. ಹೊಯ್ಸಳರ ಕಾಲದ ತ್ರಿಕೂಟ, ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆದರೆ ಯಾವ ವರ್ಷ ಕಟ್ಟಿದ್ದು ಎಂದು ಕೇಳಿದರೆ ವಿದ್ವಾಂಸರು ಶಿಲ್ಪದ ರೀತಿ ನೋಡಿ, ನುಗ್ಗೇಹಳ್ಳಿ, ಸೋಮನಾಥಪುರಗಳಿಗೆ ಹೋಲಿಸಿ, 13ನೇ ಶತಮಾನದ ನಡುಭಾಗ ಎಂದು ಅಂದಾಜು ಹೇಳಬೇಕು. ಸೋಮನಾಥಪುರಕ್ಕೆ ಆ ಕಷ್ಟವಿಲ್ಲ. ಸೋಮನಾಥ ದಂಡನಾಯಕ ಕಲ್ಲಿನ ಮೇಲೆ ಬರೆಸಿಟ್ಟ. ಅಷ್ಟು ದೊಡ್ಡ ಗುಡಿಗೇ ಬರಹವಿಲ್ಲದಿದ್ದರೆ ಅಂದಾಜು ಗತಿ, ಇನ್ನು ಭಾವನ ಕಾರಿನ ದೀಪ ಯಾವ ಲೆಕ್ಕ? ಹತ್ತಿತು, ಆರಿತು.

ಆವತ್ತಿನಿಂದ ನಾವು ದಾರಿ ಬದಲಿಸಿದೆವು. ಇದೇ ನೀವು ಕಲಿತುಕೊಂಡು ಹೋಗಬೇಕಾದ ಭಾಗ.

ಮೊದಲು ಕೆ.ಆರ್.ಪೇಟೆಯಲ್ಲಿ ನಮಗೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಹೋದೆವು. ‘ಏನೂ ಬಿಚ್ಚಬೇಡ, ಓದಿ ಮಾತ್ರ ನೋಡು’ ಎಂದೆವು. ಹೊರಗೆ ಬಿಚ್ಚಿಸಿದರೆ ವಾರಂಟಿ ಹೋಯಿತು ಎಂಬ ನೆಪ ಸಿಗುತ್ತದೆ. ಸ್ಕ್ಯಾನರ್ ಹಾಕಿ ಓದಿದರೆ ಏನೂ ಆಗುವುದಿಲ್ಲ. ಸ್ಟೇರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿದ. ದೀಪ ಹತ್ತಿದಾಗಲೆಲ್ಲ ಗಾಡಿಯ ಕಂಪ್ಯೂಟರ್ ಒಂದು ಸಂಖ್ಯೆ ಬರೆದಿಟ್ಟುಕೊಳ್ಳುತ್ತದೆ. ಜೊತೆಗೆ ಆ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ತಿರುಗುತ್ತಿತ್ತು, ಎಷ್ಟು ಬಿಸಿಯಿತ್ತು, ಅದನ್ನೂ. ನಮ್ಮಲ್ಲಿ ಬಂದದ್ದು ಪಿ0299. ಅಂದರೆ ಎಂಜಿನ್ ಕೇಳಿದಷ್ಟು ಗಾಳಿಯನ್ನು ಟರ್ಬೊ ಒತ್ತಿ ಕೊಡುತ್ತಿಲ್ಲ. ಭಾವ ಹೇಳಿದ ‘ಉಸುರು’ ಅದೇ ನೋಡಿ! ಗಾಳಿ ಕೊಳವೆ ಸೋರುತ್ತಿರಬಹುದು, ಟರ್ಬೊದ ಕವಾಟ ಸಿಕ್ಕಿಕೊಂಡಿರಬಹುದು, ಅದನ್ನು ಎಳೆಯುವ ಆಕ್ಚುಯೇಟರ್ ಕೆಟ್ಟಿರಬಹುದು. ಗಾಡಿ ತನ್ನನ್ನು ತಾನು ಕಾಪಾಡಿಕೊಳ್ಳಲು ಕಸುವು ಕಡಿಮೆ ಮಾಡಿಕೊಳ್ಳುತ್ತದೆ.

ಹಾಗಾದರೆ ಶೋರೂಮಿನಲ್ಲಿ ಯಾಕೆ ಕಾಣಲಿಲ್ಲ? ಇಬ್ಬರೇ ಕೂತು ಮಟ್ಟಸ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿದರೆ ಎಂಜಿನ್ ಪೂರ್ತಿ ಗಾಳಿ ಕೇಳುವುದೇ ಇಲ್ಲ. ಕೇಳದೆ ಹೋದರೆ ಕೊರತೆ ಎಲ್ಲಿ? ‘ನಮ್ಮ ಕಡೆ ಎಲ್ಲ ಓಕೆ ಸಾರ್’ ಎಂದರು. ಅಷ್ಟೇ ಅಲ್ಲ, ಪ್ರತಿ ಸಲ ಆ ಸಂಖ್ಯೆಯನ್ನು ಅಳಿಸಿ ಕಳುಹಿಸಿದ್ದರು. ಹಾಗಾಗಿ ನೀವು ಗಾಡಿ ಬಿಡುವ ಮೊದಲು ದೀಪದ ಫೋಟೊ, ವಿಡಿಯೊ, ಸ್ಕ್ಯಾನರ್ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಮೆಕ್ಯಾನಿಕ್ಕಿಗೆ ‘ಅಳಿಸಬೇಡಪ್ಪ’ ಎಂದು ಕೈ ಮುಗಿದು ಹೇಳಿ.

ಆಮೇಲೆ ಐದನೇ ಭೇಟಿ. ಈ ಸಲ ಒಂದು ಹಾಳೆ ಕಾಗದ ಬರೆದುಕೊಂಡು ಹೋದೆವು, ಕನ್ನಡದಲ್ಲಿ, ಎರಡು ಪ್ರತಿ. ಯಾವ ತಾರೀಖು, ಎಷ್ಟು ಕಿಲೋಮೀಟರ್ ಓಡಿತ್ತು, ಯಾವ ಜಾಗ, ಗಾಡಿಯಲ್ಲಿ ಎಷ್ಟು ಜನ, ಎಷ್ಟು ವೇಗದಲ್ಲಿ ದೀಪ ಬಂತು, ಎಲ್ಲ ಬರೆದಿದ್ದೆವು. ಬೈಗುಳ ಇಲ್ಲ, ‘ನಿಮ್ಮ ಕಂಪನಿ ಮುಳುಗಿ ಹೋಗಲಿ’ ಎಂಬ ಶಾಪ ಇಲ್ಲ. ಒಂದು ಪ್ರತಿಗೆ ಸೀಲು ಸಹಿ ಹಾಕಿಕೊಡಿ ಎಂದೆವು. ‘ಮ್ಯಾನೇಜರ್ ಇಲ್ಲ ಸಾರ್.’ ಸರಿ, ಅಲ್ಲಿಂದಲೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿದೆವು. ಆ ರಿಜಿಸ್ಟರ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ನೀವು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಅದೇ ಕಾಗದವನ್ನು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲಿನಲ್ಲೂ ಕಳುಹಿಸಿದೆವು.

ಮತ್ತೆ ಕೌಂಟರಿಗೆ ಬಂದು ಜಾಬ್ ಕಾರ್ಡಿನಲ್ಲಿ ನಮ್ಮ ಮಾತನ್ನೇ ಬರೆಯಿರಿ ಎಂದೆವು. ‘ಸಿಸ್ಟಮ್ ಕನ್ನಡ ತಗೊಳಲ್ಲ ಸಾರ್’ ಎಂದ ಹುಡುಗ. ‘ಸಿಸ್ಟಮ್ ತಗೊಳ್ದಿದ್ರೆ ಪೆನ್ನು ತಗೊಳ್ತದಲ್ಲಪ್ಪ’ ಎಂದರು ಭಾವ. ಅವರಿಗೆ ಅಷ್ಟು ಹೊತ್ತಿಗೆ ಧೈರ್ಯ ಬಂದಿತ್ತು. ಪ್ರಿಂಟಾದ ಕಾಗದದ ಖಾಲಿ ಜಾಗದಲ್ಲಿ ಅವರ ಕೈಯಿಂದಲೇ ಬರೆದರು: ‘5 ಜನ ಕೂತು ಮೇಲುಕೋಟೆ ಏರು ಹತ್ತುವಾಗ ಹಳದಿ ದೀಪ ಬರುತ್ತದೆ. ಗಾಡಿ 40ರ ಮೇಲೆ ಓಡುವುದಿಲ್ಲ.’ ಅವನ ಪ್ರತಿಯಲ್ಲೂ ಬರೆದರು, ನಮ್ಮ ಪ್ರತಿಯಲ್ಲೂ ಬರೆದರು. ಗಾಡಿ ವಾಪಸ್ ಬಂದಾಗ ತೃಪ್ತಿಯ ಸಹಿ ಕೇಳಿದರು. ಭಾವ ‘ದೋಷ ಹೋಗಿದೆಯೋ ಇಲ್ಲವೋ ಓಡಿಸಿ ನೋಡಿ ತಿಳಿಸುತ್ತೇನೆ’ ಎಂದು ಕನ್ನಡದಲ್ಲಿ ಬರೆದು ಅದರ ಕೆಳಗೆ ಸಹಿ ಹಾಕಿದರು. ಕೌಂಟರಿನವರು ಮುಖ ಮುಖ ನೋಡಿಕೊಂಡರು, ಆದರೆ ಗಾಡಿ ಕೊಟ್ಟರು. ಕೊಡದೆ ಏನು ಮಾಡುತ್ತಾರೆ?

ಮೂರನೇ ದಿನಕ್ಕೆ ದೀಪ ಮತ್ತೆ ಬಂತು. 2024ರ ಜನವರಿಯಲ್ಲಿ ಮಂಡ್ಯದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆವು.

ಕಾನೂನು ಬೇಗ ಹೇಳಿಬಿಡುತ್ತೇನೆ. 1986ರ ಹಳೇ ಗ್ರಾಹಕ ಕಾಯಿದೆ ಈಗ ಇಲ್ಲ. 2019ರದ್ದು ಬಂದಿದೆ, 2020ರ ಜುಲೈ 20ರಿಂದ ಜಾರಿ. ಅದರ ದೊಡ್ಡ ಉಪಕಾರ ಏನೆಂದರೆ, ಕಾರನ್ನು ಎಲ್ಲೇ ಕೊಂಡಿರಲಿ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪೀಣ್ಯದಲ್ಲಿ ದುಡಿಯುವವನು ಬೆಂಗಳೂರಿನಲ್ಲಿ, ಹೊಸಹೊಳಲಿನಲ್ಲಿರುವವನು ಮಂಡ್ಯದಲ್ಲಿ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. ಶುಲ್ಕ 5 ಲಕ್ಷದವರೆಗೆ ಇಲ್ಲವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ನಾವು ಕಟ್ಟಿದ್ದು ಆ 200. ವಕೀಲರು ಬೇಕೇ ಬೇಕೆಂದಿಲ್ಲ, ನೀವೇ ನಿಂತು ಹೇಳಬಹುದು. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಈ ಗಡುವನ್ನು ಮರೆಯಬೇಡಿ. ‘ಮುಂದಿನ ಸರ್ವಿಸಿನಲ್ಲಿ ನೋಡೋಣ ಸಾರ್’ ಎಂಬ ಮಾತಿಗೆ ವರ್ಷ ಕಳೆದುಹೋಗುತ್ತದೆ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಎಂದು ಕಾಯಿದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ, ಅದನ್ನೂ ಹೇಳಬೇಕಲ್ಲ. ಮೊದಲು 1915ಕ್ಕೆ ಫೋನು ಮಾಡಿ ನೋಡಿ, ಕೆಲವು ಕಂಪನಿಗಳು ಅಷ್ಟಕ್ಕೇ ಮೆತ್ತಗಾಗುತ್ತವೆ. 2025ರ ಜನವರಿಯಿಂದ ಇ-ಜಾಗೃತಿ ಎಂಬ ವ್ಯವಸ್ಥೆಯಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು.

ಯಾರ ಮೇಲೆ ದೂರು ಎಂಬುದು ಮುಖ್ಯ. ಗೋವಾದಲ್ಲಿ ಒಬ್ಬರಿಗೆ ಡೀಲರ್ 2009ರ ಮಾದರಿಯ ಟಾಟಾ ಕಾರನ್ನು 2011ರದ್ದು ಎಂದು ಮಾರಿದ್ದ. ಕೆಳಗಿನ ವೇದಿಕೆಗಳಲ್ಲಿ ಅವರು ಗೆದ್ದರು. 2021ರಲ್ಲಿ ಸುಪ್ರೀಂ ಕೋರ್ಟು, ಡೀಲರ್ ಮಾಡಿದ ತಪ್ಪಿಗೆ ಕಂಪನಿ ಹೊಣೆಯಲ್ಲ, ಕಂಪನಿಯ ಪಾಲು ಏನೆಂದು ದೂರಿನಲ್ಲೇ ಹೇಳಿಲ್ಲ ಎಂದು ಕಂಪನಿಯನ್ನು ಬಿಟ್ಟಿತು. ಆದ್ದರಿಂದ ಡೀಲರ್, ಕಂಪನಿ ಇಬ್ಬರನ್ನೂ ಸೇರಿಸಿ, ಯಾರು ಏನು ತಪ್ಪು ಮಾಡಿದರು ಎಂದು ಬೇರೆ ಬೇರೆ ಬರೆಯಿರಿ. ಅಂದಹಾಗೆ, ತಯಾರಾದ ತಿಂಗಳು ವರ್ಷ ಡೀಲರ್ ಕೊಡುವ ನಮೂನೆ 21ರ ಮಾರಾಟ ಪತ್ರದಲ್ಲಿ ಇರುತ್ತದೆ. ಪೂಜೆಯ ನಿಂಬೆಹಣ್ಣು ಹುಡುಕುವ ಮೊದಲು ಅದನ್ನು ನೋಡಿ.

ಏನು ಕೇಳಬೇಕು? ಎಲ್ಲರೂ ‘ಹೊಸ ಕಾರು ಕೊಡಲಿ’ ಎನ್ನುತ್ತಾರೆ. 2006ರಲ್ಲಿ ಮಾರುತಿ ಕಾರಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ವಾರಂಟಿ ಎಂದರೆ ಕೆಟ್ಟ ಭಾಗ ಬದಲಿಸುವುದು, ಇಡೀ ಕಾರನ್ನಲ್ಲ ಎಂದಿತು. 2010ರಲ್ಲಿ ಫಿಯಟ್ ಕಾರಿನ ಮೊಕದ್ದಮೆಯಲ್ಲಿ ಅದೇ ಕೋರ್ಟು, ಸ್ವತಂತ್ರ ತಜ್ಞರು ತಯಾರಿಕೆಯಲ್ಲೇ ದೋಷವಿದೆ ಎಂದರೆ ಹಣ ವಾಪಸ್ ಕೊಡಬೇಕು ಎಂದಿತು. ಆದ್ದರಿಂದ ಹಣ ವಾಪಸ್, ಇಲ್ಲವೇ ಭಾಗ ಬದಲಾವಣೆ ಮತ್ತು ಪರಿಹಾರ ಎಂದು ಎರಡನ್ನೂ ಕೇಳಿ. ತಜ್ಞರಿಂದ ಪರೀಕ್ಷೆ ಮಾಡಿಸಿ ಎಂಬ ಅರ್ಜಿಯನ್ನೂ ಕೊಡಿ. ಎಲ್ಲವನ್ನೂ ಗ್ರಾಹಕನೇ ಸಾಬೀತು ಮಾಡಬೇಕೆಂದಿಲ್ಲ. ಹುಂಡೈ ಕ್ರೆಟಾ ಒಂದು 2017ರಲ್ಲಿ ಅಪಘಾತಕ್ಕೆ ಸಿಕ್ಕಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ. ಡಿಕ್ಕಿಯ ಬಲ ಸಾಲಲಿಲ್ಲ ಎಂಬ ವಾದ ಬಂತು. 2022ರಲ್ಲಿ ಸುಪ್ರೀಂ ಕೋರ್ಟು, ವೇಗ ಮತ್ತು ಬಲದ ಲೆಕ್ಕ ಹಾಕುವ ಭೌತಶಾಸ್ತ್ರವನ್ನು ಕಾರು ಕೊಳ್ಳುವವನಿಂದ ನಿರೀಕ್ಷಿಸುವಂತಿಲ್ಲ ಎಂದು ಗ್ರಾಹಕರ ಪರ ನಿಂತಿತು.

ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುವ ಹುಡುಗರು ನಾಲ್ಕಾರು ಜನ ಕಾಣುತ್ತಿದ್ದೀರಿ. ‘ಹಳದಿ ಬೋರ್ಡಿನವನು ಗ್ರಾಹಕನೇ ಅಲ್ಲ’ ಎಂದು ಡೀಲರ್ ಹೇಳಿದರೆ ನಂಬಬೇಡಿ. ಹೊಟ್ಟೆಪಾಡಿಗೆ ಸ್ವಂತ ಗಾಡಿ ಕೊಂಡು ತಾನೇ ಓಡಿಸುವವನು ಗ್ರಾಹಕನೇ ಎಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹತ್ತು ಗಾಡಿ ಇಟ್ಟು ಬಾಡಿಗೆಗೆ ಬಿಡುವ ಧಣಿಯ ಮಾತು ಬೇರೆ.

‘ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ’ ಎಂದು ಹಿಂದಿನಿಂದ ಯಾರೋ ಕೇಳಿದರು. ಹುಬ್ಬಳ್ಳಿಯ ಮೇಷ್ಟರೊಬ್ಬರು 2020ರಲ್ಲಿ ಕರೆಂಟು ಬಿಲ್ಲಿಗೆ ಕನ್ನಡದಲ್ಲಿ ಚೆಕ್ ಬರೆದರು. ಕನ್ನಡದ ಅಂಕಿಯನ್ನು ತಪ್ಪಾಗಿ ಓದಿ ಹಳಿಯಾಳದ ಸ್ಟೇಟ್ ಬ್ಯಾಂಕ್ ಶಾಖೆ ಚೆಕ್ ವಾಪಸ್ ಮಾಡಿತು. ಮೇಷ್ಟರು ಧಾರವಾಡದ ಗ್ರಾಹಕ ಆಯೋಗಕ್ಕೆ ಹೋದರು. 2022ರಲ್ಲಿ ಬ್ಯಾಂಕಿಗೆ 85,177 ರೂಪಾಯಿ ಬರೆ ಬಿತ್ತು. ಒಂದು ಅಂಕಿಗೆ! ಭಾವನ ದೂರನ್ನೂ ನಾವು ಮಂಡ್ಯದಲ್ಲಿ ಕನ್ನಡದಲ್ಲೇ ಕೊಟ್ಟೆವು.

ನಮ್ಮ ದೂರು ಏನಾಯಿತು? ನೋಟಿಸು ಮುಟ್ಟಿದ ಮೇಲೆ ಕಂಪನಿ ಬೆಂಗಳೂರಿನಿಂದ ಎಂಜಿನಿಯರ್ ಒಬ್ಬರನ್ನು ಕಳುಹಿಸಿತು. ಸಜ್ಜನ ಮನುಷ್ಯ. ಐದನೇ ಜಾಬ್ ಕಾರ್ಡಿನಲ್ಲಿದ್ದ ಭಾವನ ಎರಡು ಸಾಲನ್ನು ಓದಿಸಿಕೊಂಡು ಕೇಳಿ, ‘ಹಾಗಾದರೆ ಮೇಲುಕೋಟೆಗೇ ಹೋಗೋಣ’ ಎಂದರು. ಭಾವ ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ಅವರು ಲ್ಯಾಪ್‌ಟಾಪ್ ಹಿಡಿದು ಕೂತರು, ಹಿಂದೆ ನಾನು, ಅಕ್ಕ, ಮತ್ತೆ ತೂಕಕ್ಕೆ ಬೇಕೆಂದು ಊರಿನ ಒಬ್ಬ ಜಟ್ಟಿ. ಬೆಟ್ಟದ ತಿರುವಿನಲ್ಲಿ ಹಳದಿ ದೀಪ ಹತ್ತಿತು. ಹದಿನೈದು ತಿಂಗಳಲ್ಲಿ ಮೊದಲ ಸಲ ಆ ದೀಪ ನೋಡಿ ಅಕ್ಕ ನಕ್ಕಳು.

ಟರ್ಬೊ, ಆಕ್ಚುಯೇಟರ್ ಸಮೇತ ಪುಕ್ಕಟೆ ಬದಲಿಸಿದರು. ಎರಡು ವರ್ಷ ಹೆಚ್ಚಿನ ವಾರಂಟಿ, ಓಡಾಟದ ಖರ್ಚು ಪರಿಹಾರ ಎಲ್ಲ ಸೇರಿ 60 ಸಾವಿರ. 2024ರ ಏಪ್ರಿಲಿನಲ್ಲಿ ಆಯೋಗದ ಮುಂದೆಯೇ ರಾಜಿ ಪತ್ರ ಬರೆದು ಕೊಟ್ಟೆವು, ಬಾಯಿಮಾತಿನ ರಾಜಿಗೆ ಒಪ್ಪಲಿಲ್ಲ. ಇನ್ನೂ ಹೋರಾಡಿದ್ದರೆ ಹಣ ಪೂರ್ತಿ ವಾಪಸ್ ಬರುತ್ತಿತ್ತೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆ ಮೊದಲ ನಾಲ್ಕು ಜಾಬ್ ಕಾರ್ಡುಗಳಲ್ಲಿ ಒಂದರಲ್ಲಾದರೂ ಭಾವನ ಮಾತು ಇದ್ದಿದ್ದರೆ ನಾನು ರಾಜಿಗೆ ಬಿಡುತ್ತಿರಲಿಲ್ಲ. ಭಾವ ಮಾತ್ರ, ‘ಕಬ್ಬು ಕಡಿಯೋ ಕಾಲ ಕಣಪ್ಪ, ಸಾಕು’ ಎಂದರು. ಗಾಡಿ ಅವರದು, ಸಾಲ ಅವರದು.

ಭಾವ ಅಗೋ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ, ಎದ್ದು ನಿಲ್ಲಲು ನಾಚಿಕೆ. ಮಡಿಲಲ್ಲಿರುವ ಪ್ಲಾಸ್ಟಿಕ್ ಚೀಲದಲ್ಲಿ ಐದೂ ಜಾಬ್ ಕಾರ್ಡುಗಳಿವೆ, ಅಂಚೆಯ ರಸೀದಿ ಇದೆ, ದೂರಿನ ಪ್ರತಿ ಇದೆ. ಜೆರಾಕ್ಸ್ ಬೇಕಾದವರು ಸಂಜೆಯೊಳಗೆ ಮಾಡಿಸಿಕೊಂಡು ವಾಪಸ್ ಕೊಡಿ. ಚೀಲ ಹೊರಗೆ ಬಿಟ್ಟರೆ ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ.